ಬಾನೆಟ್ಟಿನ ಮೇಲಿಟ್ಟ ಅಂಗೈ

ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿರುವ ವಸ್ತುಗಳಿಗಿಂತ, ಈಗ ಇಲ್ಲದ ಒಂದು ವಸ್ತುವೇ ನನಗೆ ಹೆಚ್ಚು ನೆನಪಾಗುತ್ತದೆ. ಅದು ನಮ್ಮ ಹಳೆಯ ಮೋಟಾರು. ನಾಲ್ಕು ಬಾಗಿಲಿನ, ತಗಡಿನ ಮಾಡಿನ, ಒಂದು ಸಂಸಾರ ಕೂರುವಷ್ಟು ಗಾಡಿ. ಅದನ್ನು ಮಾರಿ ಬಹಳ ವರ್ಷಗಳಾದವು. ಆಕೆ ಹೋಗಿ ಇನ್ನೂ ವರ್ಷ ತುಂಬಿಲ್ಲ.

ನಮ್ಮದು ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಮನೆ. ಮೋಟಾರು ನಮ್ಮ ಕಡೆ ಇನ್ನೂ ಅಪರೂಪವಾಗಿದ್ದ ಕಾಲ. ಒಂದು ಚಳಿಗಾಲ, ಕುದಿಯುವ ಹಂಡೆ ಒಲೆಯಿಂದ ಜಾರಿ ನನ್ನ ಹೆಂಡತಿಯ ಬಲಗಾಲ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಚರ್ಮವೇ ಉಳಿಯಲಿಲ್ಲ. ದಿನವೂ ಗಾಯ ತೊಳೆದು ಪಟ್ಟಿ ಕಟ್ಟಿಸಬೇಕು, ತಪ್ಪಿದರೆ ಕಾಲು ತೆಗೆಯಬೇಕಾದೀತು ಎಂದರು ಹುನಗುಂದದ ಡಾಕ್ಟರು. ಎತ್ತಿನ ಚಕ್ಕಡಿಯ ಕುಲುಕಾಟಕ್ಕೆ ಪಟ್ಟಿಯೆಲ್ಲ ರಕ್ತವಾಗುತ್ತಿತ್ತು. ಬಸ್ಸಿನಲ್ಲಿ ಕಾಲು ಚಾಚಲು ಜಾಗವಿರಲಿಲ್ಲ, ಅದೂ ಬಂದ ದಿನ ಬಂತು.

ಬಾಗಲಕೋಟೆಯ ವಕೀಲರೊಬ್ಬರು ತಮ್ಮ ಮೋಟಾರು ಮಾರುವ ಸುದ್ದಿ ಬಂತು. ಅವರ ಡ್ರೈವರನೂ ಗಾಡಿಯ ಜೊತೆ ನಮ್ಮೂರಿಗೆ ಬರಲು ತಯಾರಿದ್ದ. ನಾನೊಬ್ಬನೇ ನೋಡಿ ಬರುತ್ತೇನೆ ಎಂದರೆ ಆಕೆ ಒಪ್ಪಲಿಲ್ಲ.

"ದಿನಾ ಅದರಾಗ ಕೂಡಾಕಿ ನಾ. ನೋಡಾಕಿನೂ ನಾನ."

ಆಕೆ ಬೇವೂರಿನ ಒಕ್ಕಲುತನದ ಮನೆಯ ಮಗಳು. ಅವರಲ್ಲಿ ಎತ್ತು ನೋಡಲು ಹೋಗುವ ದಿನ, ತಾವು ಬರುವವರೆಗೆ ಅದನ್ನು ಹೂಡಬೇಡಿರೆಂದು ಮೊದಲೇ ಹೇಳಿ ಕಳಿಸುವ ರೂಢಿ. ದುಡಿದು ಮೈ ಸಡಿಲಾದ ಎತ್ತಿನ ಕುಂಟು ಕಾಣುವುದಿಲ್ಲವಂತೆ. ವಕೀಲರಿಗೂ ಹಾಗೆಯೇ ಹೇಳಿ ಕಳಿಸಿದಳು. ಒಂದು ದಿನ ಹುನಗುಂದದಲ್ಲಿ ಪಟ್ಟಿ ಕಟ್ಟಿಸಿಕೊಂಡು ಅಲ್ಲಿಂದಲೇ ಬಾಗಲಕೋಟೆಗೆ ಹೋಗಿ ಬಂಧುಗಳ ಮನೆಯಲ್ಲಿ ಉಳಿದೆವು.

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು, ಕೊರೆಯುವ ಗಾಳಿ. ವಕೀಲರ ಅಂಗಳದಲ್ಲಿ ಡ್ರೈವರ್ ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುಗಿಸಿದ್ದೇ ತಡ, ಗಾಡಿ ಚಾಲೂ ಆಯಿತು. ನನಗೆ ಜೀವ ಬಂದಂತಾಯಿತು. ಆಕೆ ಮಾತ್ರ ನನ್ನ ಹೆಗಲು ಹಿಡಿದು ಕುಂಟುತ್ತ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

"ಬಂದ್ ಮಾಡ್ರಿ" ಎಂದಳು.

"ಯಾಕವಾ ತಂಗಿ, ಜ್ವರ ಬಂದೈತೇನು ಅದಕ್ಕ?" ವಕೀಲರು ನಕ್ಕರು.

"ಜ್ವರ ಅಲ್ರಿ. ನಾವು ಬರೂಕಿಂತ ಮೊದಲ ಹೂಡೀರಿ. ಮೈ ಸುಡಾಕತ್ತೈತಿ."

ಡ್ರೈವರ್ ನೆಲ ನೋಡಿದ. ವಕೀಲರ ನಗು ನಿಂತಿತು. "ಇದೇನು ದನದ ಸಂತಿ ಅಂತ ತಿಳದಿಯೇನು? ಹಲ್ಲೂ ಎಣಸ್ತೀ ಏನು ಮತ್ತ?"

"ಹಲ್ಲು ಬಿಡ್ರಿ. ನಮ್ಮ ಅಂಗಳದಾಗ ದಿನಾ ಮುಂಜಾನಿ ಇದು ತಣ್ಣಗ ನಿಂತಿರತೈತಿ. ತಣ್ಣಗಾಗ್ಲಿ. ನಾ ಇಲ್ಲೇ ಕಟ್ಟಿ ಮ್ಯಾಲ ಕುಂದರ್ತೇನಿ."

ನಾನು ಬಗ್ಗಿ ಮೆಲ್ಲಗೆ ಹೇಳಿದೆ: "ಮಧ್ಯಾಹ್ನದ ಬಸ್ಸ ತಪ್ಪಿದ್ರ ಇವತ್ತಿನ ಪಟ್ಟಿ ಹೆಂಗ?"

"ಇವತ್ತ ಒಂದಿನ ತಪ್ಪೀತು. ಸುಳ್ಳ ಹೇಳೂ ಗಾಡಿ ತಗೊಂಡ್ರ ದಿನಾ ತಪ್ಪತೈತಿ."

ಕಾದೆವು. ನಡುವೆ ಒಮ್ಮೆ ಆಕೆ ಹಿಂದಿನ ಸೀಟಿನಲ್ಲಿ ಕೂತು ಕಾಲು ಉದ್ದಕ್ಕೆ ಚಾಚಿದಳು. ಹಿಮ್ಮಡಿ ಬಾಗಿಲಿಗೆ ತಾಗಲಿಲ್ಲ. ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿದಳು; ಒಂದು ಸರಿಯಾಗಿ ಕೂರುತ್ತಿರಲಿಲ್ಲ. ಎಣ್ಣೆ ಎಲ್ಲಿ, ನೀರು ಎಲ್ಲಿ ಹಾಕುತ್ತೀರಿ ಎಂದು ಡ್ರೈವರನನ್ನು ಕೇಳಿದಳು; ನೀರು ಮುಂದಿನ ಮೂತಿಗೆ ಎಂದು ಅವನು ತೋರಿಸಿದ. ಮಾತಿನ ಮಧ್ಯೆ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಎದ್ದು ನಿಂತೆ. ಆಕೆ ಏಳಲಿಲ್ಲ. ಹಾರ್ನ್ ದೂರವಾಯಿತು. ಪಟ್ಟಿಯಿಂದ ಸಣ್ಣಗೆ ವಾಸನೆ ಬರತೊಡಗಿತ್ತು.

ಕೊನೆಗೆ ಆಕೆ ಮತ್ತೆ ಅಂಗೈ ಇಟ್ಟು, "ಈಗ ಹೂಡ್ರಿ" ಎಂದಳು.

ಡ್ರೈವರ್ ಹ್ಯಾಂಡಲ್ ತಿರುಗಿಸಿದ. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಆ ಚಳಿಯಲ್ಲೂ ಅವನ ಅಂಗಿ ಬೆನ್ನಿಗೆ ಅಂಟಿತು. ನಾನು ಕೈ ಹಚ್ಚಿದೆ. ಹ್ಯಾಂಡಲ್ ತಿರುಗಿ ಒದ್ದು ಮಣಿಕಟ್ಟು ಮರಗಟ್ಟಿತು. ವಕೀಲರು ಒಳಗೆ ಹೋಗಿಬಿಟ್ಟರು. ಡಾಕ್ಟರು ಸಂಜೆ ದವಾಖಾನೆ ಮುಚ್ಚುತ್ತಾರೆ. ಬೇರೆ ಬಸ್ಸಿಲ್ಲ. ಗಾಡಿಯ ಮೇಲೆ ಬಂದ ಸಿಟ್ಟು ಆಕೆಯ ಮೇಲೂ ಬಂತು.

ಆಕೆ ಡ್ರೈವರನನ್ನು ಕರೆದಳು. "ಇದರ ಮಾರೀಗೆ ನೀರು ಹಾಕ್ತೀವಿ ಅಂದ್ರೆಲಾ, ಬಿಸಿನೀರು ಹಾಕಿದ್ರ? ತಣ್ಣೀರಾಗ ನೂಲೂ ಬಣ್ಣ ಹಿಡಿಯೂದಿಲ್ಲ."

"ಚಳ್ಯಾಗ ಹಂಗೂ ಮಾಡ್ತಾರ್ರಿ ಅಕ್ಕಾರ. ಆದ್ರ ದಿನಾ ಯಾರು ಕಾಸ್ತಾರ್ರಿ?"

"ನಮ್ಮನ್ಯಾಗ ಹೊತ್ತು ಹುಟ್ಟೂಕಿಂತ ಮೊದಲ ಹಂಡೆ ಕುದೀತಿರತಾವ" ಎಂದಳು. ಆ ನೀರೇ ಕಾಲು ಸುಟ್ಟದ್ದು.

ವಕೀಲರ ಬಚ್ಚಲ ಹಂಡೆಯಿಂದ ನೀರು ತಂದೆವು. ಡ್ರೈವರ್ ತಣ್ಣೀರು ಬಸಿದು, ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸುರಿದು, ತುಸು ತಡೆದು ಹ್ಯಾಂಡಲ್ ಹಾಕಿದ. ನೀಲಿ ಹೊಗೆ ಅಂಗಳ ತುಂಬಿತು. ಗಾಡಿ ನಡುಗುತ್ತ ಎದ್ದಿತು.

"ಇದನ್ನ ಬಂದ್ ಮಾಡಬ್ಯಾಡ್ರಿ, ಹುನಗುಂದಕ್ಕ ಹೊಡೀರಿ. ಉಳಿದ ಮಾತು ನಾಳಿಗೆ" ಎಂದಳು ಆಕೆ, ಹಿಂದಿನ ಸೀಟಿಗೆ ಹತ್ತಿ ಕಾಲು ಚಾಚುತ್ತ.

ದಾರಿಯುದ್ದಕ್ಕೂ ನಾನು ಎಂಜಿನ್ ಸದ್ದನ್ನೇ ಕೇಳುತ್ತ ಕೂತೆ. ಡಾಕ್ಟರು ಬೀಗ ಕೈಯಲ್ಲಿ ಹಿಡಿದು ಹೊರಗೆ ನಿಂತಿದ್ದರು. ಬಾಗಿಲು ಮತ್ತೆ ತೆರೆದರು. ಪಟ್ಟಿ ಬಿಚ್ಚುವಾಗ ನಾನು ಅವರ ಮುಖವನ್ನಷ್ಟೇ ನೋಡುತ್ತಿದ್ದೆ. "ನಾಳಿಗೆ ಬಂದಿದ್ರ ಕಷ್ಟ ಇತ್ತು" ಎಂದರು.

ಗಾಡಿ ಕೊಂಡೆವು. ಆ ಚಳಿಗಾಲವೆಲ್ಲ ಬಣ್ಣದ ಒಲೆಯಿಂದ ಮೊದಲ ಬಿಸಿನೀರು ಮೋಟಾರಿಗೆ ಹೋಗುತ್ತಿತ್ತು. ಸುರಿದು ಮುಗಿಯುವವರೆಗೆ ಆಕೆ ಕೋಲೂರಿ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಕಾಲು ಉಳಿಯಿತು.

ಈ ವರ್ಷ ಆಕೆಗೆ ಕೊನೆಯ ಸ್ನಾನಕ್ಕೆಂದು ನೀರು ಕಾಯಿಸಿದರು. ಕೊಡ ನನ್ನ ಕೈಗೆ ಕೊಟ್ಟಾಗ, ಅದನ್ನು ಹೊತ್ತುಕೊಂಡು ನಾನು ಅಂಗಳಕ್ಕೆ ಇಳಿದುಬಿಟ್ಟಿದ್ದೆ, ಮೋಟಾರು ನಿಲ್ಲುತ್ತಿದ್ದ ಜಾಗಕ್ಕೆ. ಯಾರೋ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಕಾಲಿನ ಕಲೆಯ ಮೇಲೆ ನೀರು ಹಾಕುವ ಮೊದಲು, ಬಹಳ ಬಿಸಿಯೇನೋ ಎಂದು ಕೈಯಿಟ್ಟು ನೋಡಿದೆ.