ದಿಂಬಿನ ಕೆಳಗಿನ ಎರಡು ಕರಡಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದಾಗ, ಈಕೆ ದೇವರ ಹತ್ತಿರವೂ ಹೀಗೇ ಮಾತಾಡುತ್ತಾಳಾ ಎಂದು ಯಾರಿಗಾದರೂ ಅನ್ನಿಸಬಹುದು. ಹೌದು, ಹೀಗೇ ಮಾತಾಡುತ್ತೇನೆ. ಅದಕ್ಕೂ ಮುಂಚೆ ಐವತ್ತು ವರ್ಷ ಮಾತೇ ಆಡಿರಲಿಲ್ಲ. ಮಂತ್ರ ಹೇಳುತ್ತಿದ್ದೆ, ಏನಾದರೂ ಬೇಡಿಕೊಳ್ಳುತ್ತಿದ್ದೆ, ಅಷ್ಟೆ. ಮಾತು ಶುರುವಾದದ್ದು ನನ್ನ ಗಂಡ ಸತ್ತ ಮೇಲೆ.

ನಮ್ಮದು ಶನಿವಾರಸಂತೆ ಕಡೆಯ ಲಿಂಗವಂತರ ಮನೆ. ನಾಲ್ಕು ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ನಮ್ಮಲ್ಲಿ ದೇವರನ್ನು ಮೈಮೇಲೆ ಕಟ್ಟಿಕೊಂಡೇ ಬದುಕುತ್ತೇವೆ. ಚಿಕ್ಕಂದಿನಲ್ಲೇ ದೀಕ್ಷೆ ಕೊಟ್ಟು ಒಂದು ಇಷ್ಟಲಿಂಗ ಕೊಡುತ್ತಾರೆ. ಕಪ್ಪಗೆ, ನುಣ್ಣಗೆ, ಅಂಗೈಯಲ್ಲಿ ಕೂರುವಷ್ಟು. ಅದನ್ನು ಕರಡಿಗೆ ಎನ್ನುವ ಬೆಳ್ಳಿಯ ಪುಟ್ಟ ಡಬ್ಬಿಯೊಳಗಿಟ್ಟು, ಶಿವದಾರಕ್ಕೆ ಕಟ್ಟಿ, ಕೊರಳಿಗೆ ಹಾಕಿಕೊಳ್ಳುವುದು. ದಿನಾ ಸ್ನಾನ ಮಾಡಿ, ಎಡ ಅಂಗೈ ಮೇಲಿಟ್ಟು, ವಿಭೂತಿ ಪತ್ರೆ ಏರಿಸಿದ ಮೇಲೇ ಬಾಯಿಗೆ ಕಾಫಿ. ಸತ್ತಾಗ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ, ಎಡಗೈಯಲ್ಲಿ ಅದೇ ಲಿಂಗವನ್ನಿಟ್ಟು. ಒಬ್ಬರದು ಇನ್ನೊಬ್ಬರಿಗೆ ಅಲ್ಲ. ಗಂಡ ಹೆಂಡತಿಯ ನಡುವೆಯೂ ಅಲ್ಲ.

ನನ್ನ ಯಜಮಾನರಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಮೈಸೂರಿನಲ್ಲಿ ಎರಡು ಸಲ ಆಪರೇಷನ್ ಮಾಡಿದರು. ಮೂರನೆಯ ಸಲ ಹೋದಾಗ ಮನೆಗೆ ಕರ್ಕೊಂಡು ಹೋಗಿ ಎಂದರು. ನಮಗೆ ಮಕ್ಕಳಿಲ್ಲ. ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಎರಡು ತೋಟದ ಆಚೆ ಇರುತ್ತಾರೆ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವರೇ ಅವರು. ದಿನಾ ಗಂಜಿ ಮಾಡಿಕೊಂಡು ಬಂದು ಚಮಚದಲ್ಲಿ ಕುಡಿಸಿ ಹೋಗುತ್ತಿದ್ದರು. ಮಿಕ್ಕದ್ದೆಲ್ಲ ನನ್ನ ಪಾಲಿಗೆ. ಹೊಟ್ಟೆಗೆ ಅಂಟಿಸಿದ ಮಲದ ಚೀಲ ಬದಲಿಸಬೇಕು, ಒರೆಸಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಹೀಗೆ ಎಂಟು ತಿಂಗಳು. ಕೊನೆಕೊನೆಗೆ ಅವರ ಕೊರಳಿನ ಚರ್ಮ ದಾರಕ್ಕೆ ಉಜ್ಜಿ ಕೆಂಪಾಗಿ ಸುಲಿಯಿತು. ಹಾಗಾಗಿ ಕರಡಿಗೆಯನ್ನು ದಾರದಿಂದ ಬಿಚ್ಚಿ ದಿಂಬಿನ ಕೆಳಗಿಟ್ಟೆ. ಬೆಳಿಗ್ಗೆ ನಾನೇ ಲಿಂಗವನ್ನು ಅವರ ಅಂಗೈಗೆ ಕೊಡುತ್ತಿದ್ದೆ. ತುಟಿ ಅಲ್ಲಾಡುತ್ತಿತ್ತು. ಏನು ಬೇಡಿಕೊಳ್ಳುತ್ತಿದ್ದರೋ ನನಗೆ ತಿಳಿಯದು. ಕೇಳಲೂ ಇಲ್ಲ.

ನಾನು ಬೇಡಿಕೊಂಡದ್ದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಒಂದು ಬೆಳಿಗ್ಗೆ ನನ್ನ ಲಿಂಗವನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಒಳಗಿನಿಂದ ಅವರು ನರಳುವ ಸದ್ದು ಬಂತು. ಮಂತ್ರ ನಿಂತು ಹೋಯಿತು. "ಸಾಕು, ಕರ್ಕೊಂಡ್ ಹೋಗು" ಎಂದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಎಂದೆ. ಮೂರನೆಯ ದಿನ ಬೆಳಿಗ್ಗೆ ಅವರು ಹೋದರು.

ಹೋದ ದಿನ, ಇನ್ನೂ ಉಸಿರಿದ್ದಾಗ, ಅವರನ್ನು ಎತ್ತಿ ಕೂರಿಸುವಾಗ ಅವರ ಬೆರಳು ಸಿಕ್ಕಿಕೊಂಡು ನನ್ನ ಶಿವದಾರ ಕಿತ್ತು ಬಂತು. ಆಮೇಲೆ ಕಟ್ಟಿಕೊಂಡರಾಯಿತು ಎಂದು ನನ್ನ ಕರಡಿಗೆಯನ್ನೂ ಅದೇ ದಿಂಬಿನ ಕೆಳಗೆ ತುರುಕಿದೆ. ಎರಡೂ ನಮ್ಮ ಮದುವೆಗೆ ಮಾವನವರು ಒಂದೇ ಅಕ್ಕಸಾಲಿಗನ ಹತ್ತಿರ ಮಾಡಿಸಿದ್ದು, ಒಂದೇ ಅಳತೆ. ಅರ್ಧ ಗಂಟೆಯೊಳಗೆ ಉಸಿರು ನಿಂತಿತು. ಮನೆ ತುಂಬ ಜನ ಸೇರಿದರು. ನಮ್ಮ ಮನೆಯ ಕಾರ್ಯಗಳನ್ನೆಲ್ಲ ಮಾಡಿಸುವ ಅಯ್ಯನವರು ಬಂದು, "ಲಿಂಗ ಕೊಡಿ ತಾಯಿ" ಎಂದು ಕೈ ನೀಡಿದರು. ನಾನು ದಿಂಬಿನ ಕೆಳಗೆ ಕೈಹಾಕಿ ಸಿಕ್ಕಿದ್ದನ್ನು ಕೊಟ್ಟೆ.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡಲು ಹೊರಡುವ ಮುಂಚೆ ಪೂಜೆಗೆ ಕೂತೆ. ಸಾವಿನ ಮನೆಯಲ್ಲೂ ನಮಗೆ ಸೂತಕವಿಲ್ಲ, ಪೂಜೆ ಬಿಡುವಂತಿಲ್ಲ. ಆದರೂ ಎರಡು ದಿನ ಪೂಜೆಯನ್ನೂ ಊಟವನ್ನೂ ಬಿಟ್ಟಿದ್ದೆ. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ಹಾಕಿಕೊಂಡ ಕೂಡಲೇ ಗೊತ್ತಾಯಿತು. ತೂಕ ಬೇರೆ. ನನ್ನದರ ಬುಡದಲ್ಲಿ ಒಂದು ಸಣ್ಣ ಚಕ್ಕೆ ಎದ್ದಿತ್ತು. ಏಳು ವರ್ಷದವಳಿದ್ದಾಗ ಬೀಳಿಸಿ, ಅದಕ್ಕೆ ಅಮ್ಮನಿಂದ ಏಟು ತಿಂದಿದ್ದೆ. ಇದರಲ್ಲಿ ಚಕ್ಕೆ ಇರಲಿಲ್ಲ. ಇದು ಅವರದು. ನನ್ನದು ಅವರ ಕೈಯಲ್ಲಿ, ಮಣ್ಣಿನ ಕೆಳಗೆ.

ಲಿಂಗ ಕಳೆದುಕೊಂಡವರು ಇನ್ನೊಂದು ಸಿಗುವ ತನಕ ಹನಿ ನೀರೂ ಮುಟ್ಟಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ನಿಜ ಹೇಳುತ್ತೇನೆ, ನನ್ನನ್ನು ಹೆದರಿಸಿದ್ದು ಆ ನಿಯಮ ಅಲ್ಲ. ಯಾವ ಲಿಂಗಕ್ಕೆ ನಾನು ಈ ಮನುಷ್ಯನನ್ನು ಕರೆದುಕೊಂಡು ಹೋಗು ಎಂದಿದ್ದೆನೋ, ಅದನ್ನೇ ಅವರ ಕೈಗೆ ಕೊಟ್ಟು ಕಳಿಸಿದ್ದೆ. ಇನ್ನು ಅವರಿಂದ ಏನೂ ಮುಚ್ಚಿಡುವ ಹಾಗಿರಲಿಲ್ಲ. ನನ್ನ ಹೆಂಡತಿ ನನ್ನ ಸಾವನ್ನೇ ಬೇಡಿದಳು ಎಂದು ಅವರು ಅಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾರೆ. ನಗಬೇಡಿ. ದುಃಖದಲ್ಲಿರುವ ತಲೆ ಹೀಗೆಲ್ಲ ಓಡುತ್ತದೆ.

ಅಯ್ಯನವರಿಗೆ ಫೋನ್ ಮಾಡಿ ಅದಲುಬದಲಾದ ವಿಷಯವನ್ನಷ್ಟೇ ಹೇಳಿದೆ. ಅವರು, "ಸಮಾಧಿ ತೆಗೆಯೋ ಹಾಗಿಲ್ಲ ತಾಯಿ. ಹೊಸ ಲಿಂಗ ತರ್ತೀನಿ, ಧಾರಣೆ ಮಾಡ್ಸಣ. ಅಲ್ಲೀ ತನಕ ಹಾಲು ಹಣ್ಣು ತಗೊಳ್ಳಿ, ಮೈ ಕೆಡಿಸ್ಕೋಬೇಡಿ" ಎಂದರು. ಒಳ್ಳೆಯ ಮನುಷ್ಯ. ಆದರೆ ನನಗೆ ಹೊಸದು ಬೇಕಿರಲಿಲ್ಲ. ಆ ಹಳೆಯದು ಅವರ ಕೈಯಿಂದ ಈಚೆ ಬರಬೇಕಿತ್ತು.

ಐದನೆಯ ದಿನ ಮಧ್ಯಾಹ್ನ, ಮೆಣಸು ಕೊಯ್ಯುವ ಆಳುಗಳು ಊಟಕ್ಕೆ ಕೂತ ಹೊತ್ತಿನಲ್ಲಿ ಗುದ್ದಲಿ ತೆಗೆದುಕೊಂಡು, ಅವರನ್ನು ಮಣ್ಣು ಮಾಡಿದ್ದ ತೋಟದ ಮೂಲೆಗೆ ಹೋದೆ. ಮಣ್ಣು ಇನ್ನೂ ಸಡಿಲವಾಗಿತ್ತು. ಮೊಣಕಾಲುದ್ದ ತೋಡಿರಬಹುದು, ಅಷ್ಟರಲ್ಲಿ ಹಿಂದಿನಿಂದ ಅತ್ತಿಗೆಯ ಕೂಗು.

"ಅಯ್ಯೋ, ಏನೇ ಮಾಡ್ತಿದ್ದೀಯ! ಹುಚ್ಚೇನಾದ್ರೂ ಹಿಡೀತಾ ನಿಂಗೆ?"

ನನಗೆ ಊಟ ತಂದಿದ್ದರು ಪಾಪ. ಕ್ಯಾರಿಯರ್ ಬಿಸಾಕಿ ಓಡಿಬಂದು ಗುದ್ದಲಿ ಕಿತ್ತುಕೊಂಡರು. ಲಿಂಗ ಅದಲುಬದಲಾಗಿದೆ ಎಂದೆ. "ಅಷ್ಟಕ್ಕೆ ಮಲಗಿದೋನ ಗುಂಡಿ ತೋಡ್ತಾರೇನೇ? ಹೊಸದು ಕಟ್ಟುಸ್ಕೊಂಡ್ರಾಯ್ತು" ಎಂದರು. ಆಗ ನನ್ನ ಬಾಯಿ ತಡೆಯಲಿಲ್ಲ.

"ಅದರ ಹತ್ರ ಇವ್ರು ಸಾಯ್ಲಿ ಅಂತ ಕೇಳ್ಕೊಂಡಿದ್ದೆ ಅತ್ತಿಗೆ. ಅವ್ರು ನರಳೋದು ನೋಡಕ್ಕಾಗ್ದೆ ಕೇಳ್ದೆ."

ಅತ್ತಿಗೆ ಅಲ್ಲೇ ಮಣ್ಣಿನ ಮೇಲೆ ಕೂತರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. "ನಾನು ದಿನಾ ಏನ್ ಕೇಳ್ಕೊಳ್ತಿದ್ದೆ ಗೊತ್ತೇನೇ?" ಎಂದರು. "ಇನ್ನೊಂದ್ ವರ್ಷ ಇರ್ಲಿ ಅಂತ. ಹಾಸಿಗೇಲೇ ಇರ್ಲಿ, ಕಣ್ಣಿಗೆ ಕಾಣ್ತಾ ಇರ್ಲಿ ಅಂತ. ನಿನ್ ಮಾತೇ ಕೇಳಿಸ್ತೇನೇ ಆ ದೇವ್ರಿಗೆ?"

ಎದ್ದರು. ನಾನು ತೋಡಿದ ಮಣ್ಣನ್ನು ತಮ್ಮ ಕೈಯಲ್ಲೇ ಗುಂಡಿಗೆ ಎಳೆದು ಹಾಕಿ, ಮೇಲೆ ತಟ್ಟಿ ಸಮ ಮಾಡಿ, ನನ್ನ ಮುಖ ನೋಡದೆ ಹೊರಟುಹೋದರು. ಮತ್ತೆ ಬರಲಿಲ್ಲ.

ಆ ಸಂಜೆ ಅನ್ನ ಉಂಡೆ. ಪೂಜೆಯಿಲ್ಲದೆ ಉಂಡ ಮೊದಲ ಊಟ ಅದು. ಇನ್ನು ಯಾವ ನಿಯಮ, ಯಾವ ಮಡಿ ಎಂದು ಹಠಕ್ಕೆ ಬಿದ್ದವಳ ಹಾಗೆ ಉಂಡೆ. ನನ್ನವರು ಎಂದು ಇದ್ದವರು ಇಬ್ಬರು. ಒಬ್ಬರನ್ನು ಬೇಡಿ ಕಳಿಸಿದ್ದೆ, ಇನ್ನೊಬ್ಬರನ್ನು ಹೇಳಿ ಕಳೆದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಸ್ನಾನವನ್ನೂ ಮಾಡದೆ ಯಜಮಾನರ ಲಿಂಗವನ್ನು ತೆಗೆದು ಅಂಗೈ ಮೇಲಿಟ್ಟುಕೊಂಡೆ. ಪೂಜೆಗಲ್ಲ, ಜಗಳಕ್ಕೆ. ಬಾಯಿಗೆ ಬಂದಂತೆ ಬೈದೆ. ನೀನು ಕಲ್ಲೇ ಸರಿ ಎಂದೆ. ಐವತ್ತು ವರ್ಷ ನೀರು ಹಾಕಿದ್ದಕ್ಕೆ ಇದಾ ಎಂದೆ. ನಾನು ಏನೋ ಅಂದೆ, ಅಂದ ಮಾತ್ರಕ್ಕೆ ಕರೆದುಕೊಂಡು ಹೋಗಿಬಿಡುವುದಾ, ಬೇರೆ ಏನೇನೆಲ್ಲ ಕೇಳಿದ್ದೆ, ಮಗು ಕೇಳಿದ್ದೆ, ಅದು ಯಾವುದೂ ಕೇಳಿಸಲಿಲ್ಲವಾ ನಿನಗೆ ಎಂದೆ.

ಬೈಗುಳ ಮುಗಿದ ಮೇಲೆ ಉಳಿದದ್ದು ಒಂದೇ ಮಾತು. ಅದನ್ನು ಅತ್ತಿಗೆಗೆ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ. ಅವರ ನೋವು ನೋಡಲಾರದೆ ಬೇಡಿದ್ದಲ್ಲ. ನನಗೆ ಸಾಕಾಗಿತ್ತು. ಆ ವಾಸನೆ ಸಾಕಾಗಿತ್ತು. ಮೂವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯನ ಮೈ ಮುಟ್ಟಲು ಹೇಸಿಗೆಯಾಗುತ್ತಿತ್ತು. ನಾನು ಬದುಕಬೇಕು ಎಂದು ಅವರ ಸಾವನ್ನು ಕೇಳಿದ್ದೆ. ಅದನ್ನು ಹೇಳಿದೆ.

ಏನೂ ಆಗಲಿಲ್ಲ. ಲಿಂಗ ಅಂಗೈ ಮೇಲೆ ಹಾಗೇ ಇತ್ತು. ಅಷ್ಟನ್ನೂ ಕೇಳಿಸಿಕೊಂಡ ಮೇಲೂ ಇತ್ತು. ನಾನು ಎಂಥವಳು ಎಂದು ಪೂರ್ತಿ ಗೊತ್ತಿದ್ದೂ ನನ್ನ ಕೈಬಿಡದವನು ಒಬ್ಬನಿದ್ದಾನೆ ಎಂದು ಆ ಕ್ಷಣ ಅನ್ನಿಸಿತು. ಅದನ್ನು ಶಾಂತಿ ಎನ್ನುತ್ತಾರೋ ಏನೋ. ಕ್ಷಮೆಯಂತೂ ಅಲ್ಲ. ಒಳಗೆ ಎರಡು ತುಂಡಾಗಿ ಓಡಾಡುತ್ತಿದ್ದವಳು ಒಬ್ಬಳೇ ಆಗಿ ಎದ್ದು ಹೋಗಿ ಸ್ನಾನ ಮಾಡಿದೆ.

ಅಯ್ಯನವರು ಹೊಸ ಲಿಂಗ ತಂದಾಗ ಬೇಡ ಎಂದೆ, ಇದೇ ಇರಲಿ ಎಂದೆ. "ಶಾಸ್ತ್ರದಲ್ಲಿಲ್ಲ ತಾಯಿ" ಎಂದು ತಲೆ ಕೆರೆದುಕೊಂಡರು. ಕಾಫಿ ಕುಡಿದು ಲೋಟ ಇಟ್ಟು, "ನೀವು ಹೇಳಿಲ್ಲ, ನಾನು ಕೇಳಿಲ್ಲ" ಎಂದು ಎದ್ದರು.

ಅತ್ತಿಗೆ ಬಂದದ್ದು ಒಂದೂವರೆ ತಿಂಗಳ ಮೇಲೆ. ಇಳಿದು ಹೋಗಿದ್ದರು, ರವಿಕೆ ತೋಳು ಜೋಲುತ್ತಿತ್ತು. ಕೂರಿ ಎನ್ನುವ ಮುಂಚೆಯೇ, "ನಿನ್ ಮೇಲೆ ಸಿಟ್ಟು ಹೋಗಿಲ್ಲ ನಂಗೆ" ಎಂದರು.

"ಇರ್ಲಿ ಬಿಡಿ ಅತ್ತಿಗೆ."

"ಲಿಂಗ ಕೈಗೆ ತಗೊಂಡಿಲ್ಲ ಕಣೆ, ಅವತ್ತಿಂದ. ಕೊರಳಲ್ಲಿದೆ ಅಷ್ಟೆ. ಒಂದೇ ಒಂದು ಕೇಳ್ದೆ, ಅದನ್ನೂ ಕೊಡ್ಲಿಲ್ಲ. ಏನಂತ ಪೂಜೆ ಮಾಡ್ಲಿ?"

ಮಣೆ ಹಾಕಿ ಕೂರಿಸಿದೆ, ನೀರು, ವಿಭೂತಿ ತಂದಿಟ್ಟೆ. "ಅದನ್ನೇ ಅವನಿಗೆ ಹೇಳಿ. ನಂಗೆ ಬೈದ ಹಾಗೇ ಬೈಯಿರಿ" ಎಂದೆ.

"ಥೂ, ದೇವ್ರಿಗೆ ಬೈತಾರೇನೇ?"

"ನಾನು ಬೈದಿದ್ದೀನಿ. ಏನಾಗಿದೆ ನೋಡಿ."

ಅತ್ತಿಗೆ ಕರಡಿಗೆ ತೆರೆದು ಲಿಂಗವನ್ನು ಅಂಗೈಗಿಟ್ಟುಕೊಂಡು, ದಾರಿಯಲ್ಲಿ ಸಿಕ್ಕ ಗುರುತಿನವರನ್ನು ನೋಡುವಂತೆ ನೋಡಿದರು.

"ಯಾಕೋ," ಎಂದರು, "ನನ್ ತಮ್ಮ ಏನ್ ಮಾಡಿದ್ದ ನಿಂಗೆ?"

ನಾನು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ಅತ್ತಿಗೆಯ ದನಿ ಏರುತ್ತಲೇ ಇತ್ತು. ಅವರು ಮುಗಿಸುವ ತನಕ ಯಾರೂ ಒಳಗೆ ಹೋಗದ ಹಾಗೆ ಮೆಟ್ಟಿಲ ಮೇಲೆ ಕೂತೆ.