ಇದಿನಬ್ಬಾಕನ ಬಲಭುಜ
ಗುತ್ತಿಗಾರಿನ ಕೋವಿ ರಿಪೇರಿಯ ಇದಿನಬ್ಬಾಕನಿಗೆ ಗಿರಾಕಿಗಳ ಮುಖಕ್ಕಿಂತ ಭುಜದ ಗುರುತೇ ಹೆಚ್ಚು. ಚುನಾವಣೆಗೆಂದು ಠಾಣೆಯಲ್ಲಿಟ್ಟ ಕೋವಿಗಳು ಬಿಡುಗಡೆಯಾಗಿ ಮೊದಲು ಬರುವುದು ಇವನ ಮೇಜಿಗೆ. ಗುಂಡು ಹಾರಿದಾಗ ಭುಜಕ್ಕೆ ಬೀಳುವ ಒದೆತ ನುಂಗಲೆಂದು ಕೋವಿಯ ಬುಡದೊಳಗೆ ಸ್ಪ್ರಿಂಗು, ಸೀಸದ ತುಂಡು ಕೂರಿಸುತ್ತಾ ಬೈಯುತ್ತಾನೆ: "ಸ್ಪ್ರಿಂಗು ಮೆದುವಾದ್ರೆ ಸೀಸ ಬಂದು ಗುದ್ದುದು, ಗಟ್ಟಿಯಾದ್ರೆ ಸೀಸ ಅಲ್ಲಾಡುದೇ ಇಲ್ಲ, ಕೋವಿಯೇ ಗುದ್ದುದು ಮಾರಾಯ್ರೆ!" ಇವನ ಗಿರಾಕಿ ಪೂವಕ್ಕ ಒಮ್ಮೆ ಕೋವಿಯಿಂದ ಒದೆಸಿಕೊಂಡ ಮೇಲೆ, ಬಾಳೆತೋಟಕ್ಕೆ ಆನೆ ನುಗ್ಗಿದರೂ ಬೆದರಿಸಲು ಕೋವಿ ಮುಟ್ಟುತ್ತಿರಲಿಲ್ಲ. ಅವಳಿಗಾಗಿ ಇವನು ಆರು ಸ್ಪ್ರಿಂಗು ಬದಲಿಸಿದ. ಏಳನೆಯದು ಕೂತ ದಿನ ಪೂವಕ್ಕ ಆಕಾಶಕ್ಕೆ ಹಾರಿಸಿ, "ಎಂತ ಇದು, ಬೆಕ್ಕು ತಲೆ ಒರಸಿದ ಹಾಗೆ ಉಂಟಲ್ಲ!" ಎಂದು ನಕ್ಕಳು. ಪಕ್ಕದಲ್ಲಿದ್ದ ಇದಿನಬ್ಬಾಕನ ಅಂಗಿ ಸರಿದಾಗ ನಾನು ಕಂಡೆ: ಒಂದೊಂದು ಸ್ಪ್ರಿಂಗು ಕೂರಿಸಿದಾಗಲೂ ಮೊದಲು ತಾನೇ ಹಾರಿಸಿ ನೋಡಿದ ಅವನ ಬಲಭುಜ ಬದನೆಯಷ್ಟು ಕಪ್ಪಾಗಿತ್ತು. "ಇನ್ನು ಸಾಕು ಇದಿನಬ್ಬಾಕ," ಎಂದೆ. "ಆಚೆಮನೆ ದುಗ್ಗಮ್ಮನ ಕೋವಿ ಬಾಕಿ ಉಂಟಲ್ಲ," ಎನ್ನುತ್ತಾ ಎಡಭುಜ ತಟ್ಟಿಕೊಂಡ.