ಬಾಳೆಯನ್ನು ಮೀನು ಮಾಡಿದ ಅಕ್ಷರ

ಒದ್ದೆ ಕಾಗದದ ಮೇಲೆ ಟಾಲ್ಕಂ ಪೌಡರ್ ಉದುರಿಸಿದರೆ ಒಂದು ವಾಸನೆ ಏಳುತ್ತದೆ. ಎಳೆಮಗುವಿನದ್ದೂ ಹೌದು, ಕೆಸರಿನದ್ದೂ ಹೌದು. ಕಳೆದ ವಾರ ಇಲ್ಲಿ ತಿರುವನಂತಪುರದಲ್ಲಿ, ಪಟ್ಟಂನ ಬಸ್ ಸ್ಟಾಪಿನಲ್ಲಿ ಮಗಳ ಚೀಲ ಪೂರ್ತಿ ನೆನೆದು, ಮನೆಗೆ ಬಂದವಳು ನೋಟ್ ಬುಕ್ಕನ್ನು ಫ್ಯಾನಿನ ಕೆಳಗೆ ಹರಡಿಕೊಂಡು ಅಳುತ್ತ ಕೂತಿದ್ದಳು. ಪೌಡರ್ ಡಬ್ಬಿ ತಂದು ಹಾಳೆ ಹಾಳೆಗೂ ಉದುರಿಸಿದೆ. "ಇದಾರಾ ಪಠಿಪ್ಪಿಚ್ಚದ್?" ಎಂದು ಕೇಳಿದಳು, ಇದನ್ನು ಯಾರು ಕಲಿಸಿದ್ದು ಅಂತ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮಲಯಾಳವೇ. "ಒಬ್ಬರು ಟೀಚರ್" ಎಂದೆ.

ಆ ಟೀಚರ್ ಸಿಕ್ಕಾಗ ನಾವು ಕೊಚ್ಚಿಯಲ್ಲಿದ್ದೆವು. ಪಾಲಾರಿವಟ್ಟಂನ ಒಬ್ಬ ವಕೀಲರ ಆಫೀಸಿನಲ್ಲಿ ನನಗೆ ಕೆಲಸ. ಪೆರಿಯಾರ್ ಹೊಳೆ ಉಕ್ಕಿ ಏಲೂರಿನ ಕಡೆಯೆಲ್ಲ ಮುಳುಗಿ, ನೀರು ಇಳಿದ ಮೇಲಿನ ಮೊದಲ ಭಾನುವಾರ ಆಫೀಸಿನವರು ಒಂದು ಶಾಲೆ ತೊಳೆಯಲು ಹೊರಟರು. ನಾನೂ ಹೊರಟೆ. ಹೋಗದಿದ್ದರೆ ಸೋಮವಾರ ಮುಖ ತೋರಿಸುವುದು ಹೇಗೆ ಎಂಬ ಚಿಂತೆ, ಅಷ್ಟೇ ನನ್ನ ಸಮಾಜಸೇವೆ. ಪೊರಕೆ, ಕೈಗವಸು, ಬ್ಲೀಚಿಂಗ್ ಪೌಡರ್... ಬೆಂಚುಗಳ ಮೇಲೆ ಗೇಣೆತ್ತರ ಕೆಸರು ಕೂತಿತ್ತು.

ವರಾಂಡದ ತುದಿಯಲ್ಲಿ ಟೀಚರ್ ಕೂತಿದ್ದರು. ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಎದುರಿಗೆ ನೀರು ಕುಡಿದು ಉಬ್ಬಿದ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್. ಯಾವ ಮಗು ಯಾವಾಗ ಸೇರಿತು, ತಂದೆ ಯಾರು, ಮನೆಹೆಸರೇನು, ಹುಟ್ಟಿದ್ದೆಂದು, ಎಲ್ಲ ಅದರಲ್ಲೇ. ಪೆನ್ಷನ್ನಿಗೋ ಪಾಸ್‌ಪೋರ್ಟಿಗೋ ವಯಸ್ಸು ತೋರಿಸಬೇಕಾದಾಗ ಆ ಊರಿನ ಹಳಬರೆಲ್ಲ ಬರುವುದು ಅದನ್ನೇ ಹುಡುಕಿಕೊಂಡು. "ನೀರು ಬರುತ್ತದೆ ಅಂದಾಗ ಮಕ್ಕಳ ಊಟದ ಅಕ್ಕಿಮೂಟೆ ಮಹಡಿಗೆ ಹತ್ತಿಸಿದೆ ಮೋಳೇ, ಇದನ್ನು ಮರೆತೆ" ಎಂದರು, ನಾನು ಏನೂ ಕೇಳದೆಯೇ. "ಇದು ನನ್ನ ಕೈಯಿಂದ ಹೋಯಿತು ಅಂತ ಆಗಬಾರದು." ಪರಿಚಯವಿಲ್ಲದ ನನ್ನನ್ನು ಅವರು ಮಗಳೇ ಎಂದದ್ದಕ್ಕೋ ಏನೋ, ಪೊರಕೆ ಕೆಳಗಿಟ್ಟೆ.

ಹಾಳೆಗಳ ನಡುವೆ ಟಾಲ್ಕಂ ಪೌಡರ್ ಹಾಕಿ, ಚಾಕುವಿನ ಬೆನ್ನಿನಿಂದ ಒಂದೊಂದನ್ನೇ ಬಿಡಿಸುತ್ತಿದ್ದರು. ಬಿಡಿಸಿದರೆ ಮಸಿ ಹರಡುತ್ತಿತ್ತು, ಬಿಡಿಸದಿದ್ದರೆ ಹಾಳೆಗಳು ಅಂಟಿಕೊಳ್ಳುತ್ತಿದ್ದವು. ಮೊಬೈಲಿನಲ್ಲಿ ಫೋಟೋ ತೆಗೆದರೆ ಬರೀ ನೀಲಿ. ಟೀಚರಿಗೆ ಮಾತ್ರ ಓದಲು ಬರುತ್ತಿತ್ತು, ಅರ್ಧ ಕಣ್ಣಿನಿಂದ, ಅರ್ಧ ನೆನಪಿನಿಂದ. "ನಿನ್ನ ಕೈಬರಹ ಚೆನ್ನಾಗಿದೆಯಾ?" ಎಂದರು. "ಚೆನ್ನಾಗಿದೆ" ಎಂದು ಜಂಬದಿಂದಲೇ ಹೇಳಿದೆ. ಅವರು ಓದಿದರು, ನಾನು ಬರೆದೆ. ಒಂದರೆಗಳಿಗೆಯೂ ನಿಲ್ಲದೆ, ಮಧ್ಯಾಹ್ನದವರೆಗೂ.

ಗಂಜಿ ಕುಡಿಯಲು ಎದ್ದಾಗ ಅವರು ನನ್ನ ನೋಟ್ ಬುಕ್ ಎತ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಎಂದಾ ಮೋಳೇ, ಏನಿದು... ಜಿಲೇಬಿಯಾ?"

ಅಯ್ಯೋ ದೇವರೇ! ನಾನು ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದವಳು. ಮಲಯಾಳ ಮಾತಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಅವರ ಅವಸರಕ್ಕೆ ಕೈ ತನ್ನ ಪಾಡಿಗೆ ತಾನು ಕನ್ನಡದಲ್ಲಿ ಬರೆಯುತ್ತ ಹೋಗಿತ್ತು. ಮಲಯಾಳ ಲಿಪಿಯವರು ನಮ್ಮದನ್ನು ಜಿಲೇಬಿ ಎನ್ನುವ ಧೈರ್ಯಕ್ಕೆ ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಆವತ್ತು ತಲೆ ತಗ್ಗಿಸಿ ಕೂತೆ. ಬೆಳಗ್ಗೆ ಬಿಡಿಸಿದ ಹಾಳೆಗಳಲ್ಲಿ ಅಷ್ಟು ಹೊತ್ತಿಗೆ ನೀಲಿ ಕಲೆಯಷ್ಟೇ ಉಳಿದಿತ್ತು. ಅಷ್ಟೂ ಜನರ ಹುಟ್ಟು ಆ ಶಾಲೆಯಲ್ಲಿ ಯಾರಿಗೂ ಓದಲು ಬಾರದ ಅಕ್ಷರದಲ್ಲಿತ್ತು.

ಟೀಚರ್ ಬೈಯಲಿಲ್ಲ. "ಬರುವವರೆಲ್ಲ ಒಳ್ಳೆಯವರೇ. ಆದರೆ ಒಂದೇ ದಿನ ಬರುತ್ತಾರೆ" ಎಂದು ನನ್ನ ಮುಖ ನೋಡಿದರು. ಮುಂದಿನ ಭಾನುವಾರವೂ ಬರುತ್ತೇನೆ ಎಂದೆ. ಸೇವೆಯ ಹುಮ್ಮಸ್ಸಿನಿಂದಲ್ಲ, ನಾಚಿಕೆಯಿಂದ. "ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ?" ಎಂದರು ಮನೆಯವರು. ಉಳಿದ ಹಾಳೆಗಳನ್ನೂ ಆವತ್ತೇ ಕನ್ನಡದಲ್ಲೇ ಬರೆದು ಮುಗಿಸಿ, ಆಮೇಲೆ ಎಷ್ಟೋ ಭಾನುವಾರ ನಾನು ಓದಿದೆ, ಅವರು ಮಲಯಾಳದಲ್ಲಿ ಹೊಸ ರಿಜಿಸ್ಟರ್ ಬರೆದರು.

ತೊಡಕಾದದ್ದು ಒಂದೇ ಅಕ್ಷರ, ನಾಲಿಗೆಯನ್ನು ಒಳಕ್ಕೆ ಮಡಚಿ ಹೇಳುವ ೞ. ಹಳಗನ್ನಡದಲ್ಲಿ ಇದ್ದದ್ದನ್ನು ನಾವು ಎಂದೋ ಕಳೆದುಕೊಂಡೆವು, ಮಲಯಾಳದವರು ಇಟ್ಟುಕೊಂಡರು. ನಾನು ಎಲ್ಲ ಕಡೆ ಳ ಬರೆದಿದ್ದೆ. ಒಂದು ಮನೆಹೆಸರನ್ನು "ವಾಳಪ್ಪರಂಬ್" ಎಂದು ಓದಿದಾಗ ಟೀಚರ್ ಪೆನ್ನು ನಿಲ್ಲಿಸಿದರು. "ವಾಳ ಅಲ್ಲ, ವಾೞ. ವಾೞ ಅಂದರೆ ಬಾಳೆ, ವಾಳ ಅಂದರೆ ಒಂದು ಮೀನು. ನೀರು ಕತ್ತಿನವರೆಗೆ ಬಂತು ನಿಜ ಮೋಳೇ, ಆದರೆ ನಾವಿನ್ನೂ ಮೀನಾಗಿಲ್ಲ."

ಅವರು 'ನಾವು' ಎಂದದ್ದು ಕಿವಿಗೆ ಬಿತ್ತು. ರಿಜಿಸ್ಟರಿನ ಆ ಸಾಲು ಅವರದೇ ಆಗಿತ್ತು. ಅವರೂ ಅದೇ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದವರು. ತಮ್ಮ ಹೆಸರನ್ನೂ ಉಳಿದವರ ಹೆಸರಿನಂತೆಯೇ ಓದಿ ಬರೆಸಿದ್ದರು, ನನಗೆ ಗೊತ್ತೇ ಆಗಿರಲಿಲ್ಲ. ಹೆಸರು ಗೊತ್ತಾದ ಮೇಲೂ ನಾನು ಕರೆದದ್ದು ಟೀಚರ್ ಎಂದೇ. ಇಲ್ಲೂ ಬರೆಯುವುದಿಲ್ಲ.

ಹೊಸ ರಿಜಿಸ್ಟರಿಗೆ ಮೇಲಿನ ಕಚೇರಿಯ ಮೊಹರು ಬಿದ್ದ ಕೆಲವು ತಿಂಗಳಿಗೆ ಮನೆಯವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಹೇಳಿ ಬರಲು ಹೋದಾಗ ಟೀಚರ್ ಆ ಕನ್ನಡ ನೋಟ್ ಬುಕ್ಕನ್ನು ನನ್ನ ಕೈಗಿಟ್ಟರು. "ಅಲ್ಲಿ ನಿನ್ನ ಹೊಸ ಮನೆ ಮೂರನೇ ಮಹಡಿ ಅಲ್ವಾ? ಇಲ್ಲಿ ಮತ್ತೆ ನೀರು ಬಂದರೆ ಫೋನ್ ಮಾಡುತ್ತೇನೆ, ನೀನು ಓದು."

ನಿವೃತ್ತರಾದ ಮೇಲೂ ಪ್ರತಿ ವರ್ಷ ಮಳೆ ಹಿಡಿದ ಕೂಡಲೇ ಫೋನ್ ಬರುತ್ತಿತ್ತು. "ಪುಸ್ತಕ ಅಲ್ಲೇ ಇದೆಯಲ್ಲ?" "ಇದೆ ಟೀಚರ್." "ಶೆರಿ." ಅಷ್ಟೇ. ನಾನು ಹೇಗಿದ್ದೇನೆ ಅಂತ ಒಂದು ಸಲವಾದರೂ ಕೇಳಬಾರದೇ ಎಂದು ನನಗೆ ಸಿಟ್ಟೂ ಬರುತ್ತಿತ್ತು.

ಈ ವರ್ಷ ಮಳೆ ಬಂತು, ಫೋನ್ ಬರಲಿಲ್ಲ. ನಾಲ್ಕು ದಿನ ಕಾದು ನಾನೇ ಮಾಡಿದೆ. ಎತ್ತಿದವರು ಅವರ ಸೊಸೆ. ಏಪ್ರಿಲಿನ ವಿಷು ಹಬ್ಬಕ್ಕೆ ಮೊದಲೇ ಹೋಗಿಬಿಟ್ಟರಂತೆ... ನನಗೆ ತಿಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯಲು ನಾನು ಅವರಿಗೆ ಯಾರು? ಆದರೂ ಸಂಕಟವಾಯಿತು.

ಮಗಳ ನೋಟ್ ಬುಕ್ ಒಣಗಿದ ಮೇಲೆ ಬೀರುವಿನಿಂದ ಆ ಪುಸ್ತಕ ತೆಗೆದೆ. ಇನ್ನೂ ಪೌಡರಿನ ವಾಸನೆ. ಅವರ ಸಾಲು ಹುಡುಕಿ ಗಟ್ಟಿಯಾಗಿ ಓದಿದೆ: ಹೆಸರು, ತಂದೆಯ ಹೆಸರು, ವಾಳಪ್ಪರಂಬ್.

"ವಾಳ ಅಲ್ಲಮ್ಮಾ," ಎಂದಳು ಮಗಳು, ತಲೆ ಎತ್ತದೆ, "ವಾೞ."

ಇನ್ನೊಂದು ಸಲ ಹೇಳು ಎಂದೆ. ಹೇಳಿದಳು.